ಹಳೇ ಜಾತಕದಿಂದ ಹುಟ್ಟಿದ ತಾರೀಖು ಹುಡುಕುವುದು

ನಮ್ಮ ಅಜ್ಜಿಯ ಜಾತಕದಲ್ಲಿ ಇಸವಿ ಇಲ್ಲ. ಇರುವುದು ‘ಪ್ರಭವ ಸಂವತ್ಸರ, ಮಾಘ ಶುದ್ಧ ಪಂಚಮಿ’. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ 1927ರ ಯುಗಾದಿಗೆ ಬಂತು, ಮತ್ತೆ 1987ಕ್ಕೆ. ಅಜ್ಜಿಯದು ಮೊದಲನೆಯದೇ, ಅಲ್ವಾ? ಆದರೆ ಮಾಘದ ಹೊತ್ತಿಗೆ ಇಸವಿ ಬದಲಾಗಿರುತ್ತದೆ. ಹಾಗಾಗಿ 1928.

ಶಕ ವರ್ಷ ಬರೆದಿದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿಯೊಳಗೆ ಹುಟ್ಟಿದವರಿಗೆ 79.

ಆಮೇಲೆ ಆ ವರ್ಷದ ಪಂಚಾಂಗದಲ್ಲಿ ತಿಥಿ, ವಾರ, ನಕ್ಷತ್ರ ಮೂರೂ ಹೊಂದುತ್ತವಾ ನೋಡಿ. ಇಲ್ಲಿ ಜಾಗ್ರತೆ: ಪಂಚಾಂಗದ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಸೋಮವಾರ ರಾತ್ರಿ 2 ಗಂಟೆಗೆ ಹುಟ್ಟಿದವರಿಗೆ ಜಾತಕದಲ್ಲಿ ಸೋಮವಾರವೇ ಇರುತ್ತದೆ, ತಾರೀಖು ಮಾತ್ರ ಮಂಗಳವಾರದ್ದು.

ಶಾಲೆ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಸುಮ್ನೆ ಒಪ್ಪಬೇಡಿ. ಎಷ್ಟೋ ಸಲ ಅದು ಮಗುವನ್ನು ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು.