ಹೆಡ್‌ಲೈಟ್ ಹಾಕಿದರೆ ಇಂಜಿನ್ ಹೀಟ್: ನನ್ನ ಹಳೇ ಪಿಕಪ್‌ನ ಮುಳ್ಳು ಸರಿಯಾದ ಕತೆ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆ. ಹಿಂದೆ ಮಂಗಳೂರು ಹೆಂಚು, ಒಂದು ಟನ್ನಿಗೆ ಸ್ವಲ್ಪ ಕಮ್ಮಿ. ನವೆಂಬರ್ ಸಂಜೆ, ಕಾಡಿನೊಳಗೆ ಬೇಗ ಕತ್ತಲಾಗುತ್ತದೆ. ಹೆಡ್‌ಲೈಟ್ ಹಾಕಿ ಎರಡು ತಿರುವು ದಾಟಿರಬೇಕು, ಮೀಟರ್ ಕಡೆ ಕಣ್ಣು ಹೋಯಿತು. ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ತಾಗಿಕೊಂಡಿತ್ತು.

ಎದೆ ಧಸಕ್ಕೆಂದಿತು. ಗಾಡಿ ಎಡಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಲೈಟೂ ಆರಿಸಿ, ಟಯರ್‌ಗೆ ಕಲ್ಲು ಕೊಟ್ಟು ಅರ್ಧ ಗಂಟೆ ಕೂತೆ. ಆಮೇಲೆ ಕೀ ತಿರುಗಿಸಿದರೆ ಮುಳ್ಳು ಅರ್ಧಕ್ಕೆ ಇಳಿದಿತ್ತು. ಸಮಾಧಾನವಾಯಿತು. ಲೈಟ್ ಹಾಕಿ ಹೊರಟೆ. ಮತ್ತೆ ಮೇಲೆ. ಹೀಗೆ ನಿಲ್ಲಿಸಿ ನಿಲ್ಲಿಸಿ ಸಕಲೇಶಪುರ ಮುಟ್ಟುವಾಗ ರಾತ್ರಿ ಹತ್ತು ದಾಟಿತ್ತು.

ನನ್ನದು 2004ರ ಡೀಸೆಲ್ ಪಿಕಪ್. 2015ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಕಂಪ್ಯೂಟರ್ ಇಲ್ಲದ ಇಂಜಿನ್. ಇಳಿಯುವಾಗ ಶುಂಠಿ, ಹತ್ತುವಾಗ ಹೆಂಚೋ ಸಿಮೆಂಟೋ. ಮನೆ ನಡೆಯುವುದೇ ಇದರಿಂದ.

ಮಾರನೇ ದಿನ ಗ್ಯಾರೇಜಿಗೆ ಬಿಟ್ಟೆ. ರೇಡಿಯೇಟರ್ ಬಿಚ್ಚಿ ತೊಳೆಸಿದರು. ನೀರಿನ ಬಿಸಿಯನ್ನು ಮುಳ್ಳಿಗೆ ತಿಳಿಸುವ ಸೆಂಡರ್ ಹೊಸದು ಹಾಕಿದರು. ಇನ್ನೂ ಏನೋ ಬಿಚ್ಚಿ ಜೋಡಿಸಿದರು, ಅದೇನೆಂದು ನಾನು ಆಗ ಕೇಳಲಿಲ್ಲ. ಎಲ್ಲ ಸೇರಿ ಆರು ಸಾವಿರದ ಹತ್ತಿರ. ಹಗಲು ಓಡಿಸಿ ತೋರಿಸಿದಾಗ ಮುಳ್ಳು ಅರ್ಧಕ್ಕಿಂತ ಕೆಳಗೇ ಇತ್ತು. ಅದೇ ರಾತ್ರಿ ಮತ್ತೆ ಕೆಂಪಿನ ಹತ್ತಿರ. ಈ ಸಲ, 'ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಯ ಕೆಳಗಿನ ಸೀಲ್) ಹೋಗಿರಬೇಕು, ಇಂಜಿನ್ ಬಿಚ್ಚೋಣ' ಅಂದರು. ಅದು ಇಪ್ಪತ್ತೈದು ಸಾವಿರದ ಮಾತು. ಒಂದು ವಾರ ತಡೆಯಿರಿ ಅಂತ ಹೇಳಿ ಗಾಡಿ ಮನೆಗೆ ತಂದೆ. ತೋಟದ ಪಂಪ್‌ಸೆಟ್ ವೈರಿಂಗ್ ಎಲ್ಲ ನಾನೇ ಮಾಡಿಕೊಳ್ಳುವುದು, ಮಲ್ಟಿಮೀಟರ್ ಹಿಡಿಯಲು ಬರುತ್ತದೆ. ಇಂಜಿನ್ ಬಿಚ್ಚುವ ಮೊದಲು ನನಗೆ ಒಂದೇ ಒಂದು ವಿಷಯ ಗೊತ್ತಾಗಬೇಕಿತ್ತು. ಇಂಜಿನ್ ನಿಜವಾಗಿ ಬಿಸಿಯಾಗುತ್ತಿದೆಯಾ, ಇಲ್ಲ ಮುಳ್ಳು ಮಾತ್ರ ಏರುತ್ತಿದೆಯಾ?

ಇಂಜಿನ್ ನಿಜವಾಗಿ ಕಾದರೆ ಬೇರೆ ಗುರುತುಗಳೂ ಇರುತ್ತವೆ. ರಿಸರ್ವ್ ಡಬ್ಬದಲ್ಲಿ ನೀರು ಉಕ್ಕುತ್ತದೆ. ಇಂಜಿನ್ ತಣಿಸುವ ನೀರು, ಅಂದರೆ ಕೂಲಂಟ್‌ನ ಸಿಹಿ ವಾಸನೆ ಕ್ಯಾಬಿನ್‌ಗೆ ಬರುತ್ತದೆ. ಮೇಲಿನ ಹೋಸ್ ಪೈಪ್ ಕಲ್ಲಿನ ಹಾಗೆ ಬಿಗಿದುಕೊಂಡಿರುತ್ತದೆ. ಇಂಜಿನ್ ಎಳೆಯುವುದು ಕಮ್ಮಿಯಾಗುತ್ತದೆ. ನನ್ನ ಗಾಡಿಯಲ್ಲಿ ಇದ್ಯಾವುದೂ ಇರಲಿಲ್ಲ. ಕೂಲಂಟ್ ಒಂದು ಲೋಟದಷ್ಟೂ ಇಳಿದಿರಲಿಲ್ಲ.

ಹಾಸನದಿಂದ ಒಂದು ಇನ್‌ಫ್ರಾರೆಡ್ ಗನ್ ತಂದೆ. ಹಣೆಗೆ ಹಿಡಿದು ಜ್ವರ ನೋಡುವ ಗನ್ ಇದಕ್ಕೆ ಆಗುವುದಿಲ್ಲ, ಅದರ ಅಳತೆ ಮೈಬಿಸಿಯ ಮಟ್ಟಕ್ಕೇ ಮುಗಿಯುತ್ತದೆ. ಕೈಗಾರಿಕೆಯದ್ದೇ ಬೇಕು. ಅದನ್ನು ಹೊಳೆಯುವ ಅಲ್ಯುಮಿನಿಯಂ ಮೇಲೆ ಹಿಡಿದರೆ ಇರುವುದಕ್ಕಿಂತ ತುಂಬಾ ಕಮ್ಮಿ ತೋರಿಸುತ್ತದೆ. ಅದಕ್ಕೆ ಥರ್ಮೋಸ್ಟಾಟ್ ಹೌಸಿಂಗ್ (ನೀರಿನ ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ವಾಲ್ವ್ ಕೂರುವ ಜಾಗ) ಮೇಲೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ, ಆ ಟೇಪ್‌ಗೆ ಗುರಿ ಹಿಡಿದೆ.

ರಾತ್ರಿ ಊಟ ಆದ ಮೇಲೆ ಹಾನುಬಾಳು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿದೆ. ಮೀಟರ್‌ನಲ್ಲಿ ಮುಳ್ಳು ಕೆಂಪಿನ ಹತ್ತಿರ. ಗನ್‌ನಲ್ಲಿ 71 ಡಿಗ್ರಿ. ಮೂರು ಸಲ ನೋಡಿದೆ, 71, 70, 71. ಕೆಂಪು ಅಂದರೆ 110ರ ಮೇಲೆ ಇರಬೇಕು ಅಲ್ವಾ? ಮೇಲಿನ ಹೋಸ್ ಮುಟ್ಟಿದೆ. ಬಿಸಿ ಇತ್ತು, ಕೈ ಇಡಲಾರದಷ್ಟಲ್ಲ. (ಹೋಸ್ ಮುಟ್ಟಿ ನೋಡಬಹುದು. ರೇಡಿಯೇಟರ್ ಕ್ಯಾಪ್ ಮಾತ್ರ ಬಿಸಿ ಇರುವಾಗ ತೆರೆಯಲೇಬೇಡಿ. ಪ್ರೆಶರ್‌ನಲ್ಲಿರುವ ನೀರು 100 ದಾಟಿದರೂ ಕುದಿಯದೆ ಕೂತಿರುತ್ತದೆ. ಕ್ಯಾಪ್ ಸಡಿಲಿಸಿದ ಕ್ಷಣ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ.)

ಬಾನೆಟ್ ಮುಚ್ಚಿ ಒಳಗೆ ಬಂದು ಕೂತು ಹೆಡ್‌ಲೈಟ್ ಆರಿಸಿದೆ. ಮುಳ್ಳು ಟಕ್ ಅಂತ ಕೆಳಗೆ ಬಂತು. ಮತ್ತೆ ಹಾಕಿದೆ. ಟಕ್ ಅಂತ ಮೇಲೆ ಹೋಯಿತು. ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಪಕ್ಕದ ಡೀಸೆಲ್ ಮುಳ್ಳೂ ಅದರ ಜೊತೆಗೇ ಏಳುತ್ತಿತ್ತು, ಇಳಿಯುತ್ತಿತ್ತು. ಲೈಟ್ ಹಾಕಿದರೆ ಟ್ಯಾಂಕಿಗೆ ಡೀಸೆಲ್ ಬರುವುದಿಲ್ಲ. ಮೀಟರ್ ಬೋರ್ಡಿನ ಲೈಟು ಎಷ್ಟೋ ತಿಂಗಳಿಂದ ಮಂಕಾಗಿತ್ತು, ಬಲ್ಬ್ ಹಳೆಯದಾಗಿದೆ ಅಂದುಕೊಂಡು ಬಿಟ್ಟಿದ್ದೆ. ಮೂರೂ ಒಂದೇ ಕಡೆ, ಮೀಟರ್ ಬೋರ್ಡಿನ ವೈರಿಂಗ್ ಕಡೆ ಬೆರಳು ತೋರಿಸುತ್ತಿದ್ದವು.

ಹತ್ತು ಲೀಟರ್ ಹತ್ತಿರ ನೀರು, ಅದರ ಸುತ್ತ ಅಷ್ಟು ಕಬ್ಬಿಣ. ಅದು ಬಿಸಿಯಾಗಲಿ ತಣಿಯಲಿ ನಿಮಿಷಗಳೇ ಬೇಕು. ಮುಳ್ಳು ಮೆಲ್ಲಗೆ ಏರಿದರೆ ನೀರನ್ನು ಅನುಮಾನಿಸಿ. ಜಿಗಿದರೆ ವೈರನ್ನು ಅನುಮಾನಿಸಿ. ಇದು ಮೊದಲ ದಿನವೇ ಹೊಳೆದಿದ್ದರೆ ಆರು ಸಾವಿರ ಉಳಿಯುತ್ತಿತ್ತು.

ಈ ಹಳೇ ಗಾಡಿಗಳಲ್ಲಿ ಮುಳ್ಳು ಕೆಲಸ ಮಾಡುವ ರೀತಿ ತುಂಬಾ ಸರಳ. ಇಂಜಿನ್‌ಗೆ ಒಂದು ಹಿತ್ತಾಳೆ ಸೆಂಡರ್ ತಿರುಗಿಸಿ ಕೂರಿಸಿರುತ್ತಾರೆ. ಅದರ ತಲೆಗೆ ಒಂದೇ ವೈರ್, ಅದರ ಮೈಯೇ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ಹಿಂದಿರುಗುವ ದಾರಿ. ನೀರು ತಣ್ಣಗಿದ್ದಾಗ ಸೆಂಡರ್‌ನ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದಂತೆ ಕಮ್ಮಿ. ರೆಸಿಸ್ಟೆನ್ಸ್ ಇಳಿದಷ್ಟೂ ಕರೆಂಟ್ ಜಾಸ್ತಿ ಹರಿದು ಮುಳ್ಳು ಮೇಲೇರುತ್ತದೆ. ಅಂದರೆ ಮುಳ್ಳಿಗೆ ಗೊತ್ತಿರುವುದು ಕರೆಂಟ್ ಒಂದೇ. ದಾರಿಯಲ್ಲಿ ಎಲ್ಲಿ ಕರೆಂಟ್ ಹೆಚ್ಚುಕಮ್ಮಿಯಾದರೂ ಅದನ್ನೇ ಬಿಸಿ ಅಂತ ತೋರಿಸುತ್ತದೆ.

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡಿದೆ. ಕೀ ಆನ್, ಇಂಜಿನ್ ಆಫ್. ಸೆಂಡರ್‌ನ ವೈರ್ ಕಿತ್ತೆ. ಮುಳ್ಳು ತಳಕ್ಕೆ ಹೋಯಿತು. ಆ ವೈರಿನ ತುದಿಯನ್ನು ಇಂಜಿನ್ ಬಾಡಿಗೆ ಒಂದೆರಡು ಸೆಕೆಂಡ್ ಮಾತ್ರ ಮುಟ್ಟಿಸಿದೆ. ಮುಳ್ಳು ಪೂರ್ತಿ ಮೇಲೆ. ಹಾಗಾದರೆ ಗೇಜ್ ಬದುಕಿದೆ, ವೈರ್ ಎಲ್ಲೂ ಕಡಿದಿಲ್ಲ, ಎಲ್ಲೂ ತಾಗಿಲ್ಲ. ಕಂಪ್ಯೂಟರ್ ಇರುವ ಹೊಸ ಗಾಡಿಗಳಲ್ಲಿ ಹೀಗೆ ವೈರ್ ಮುಟ್ಟಿಸಲು ಹೋಗಬೇಡಿ, ಅಲ್ಲಿನ ಸೆನ್ಸರ್ ವ್ಯವಸ್ಥೆಯೇ ಬೇರೆ.

ಇನ್ನು ಸೆಂಡರ್. ಗ್ಯಾರೇಜಿನಲ್ಲಿ ಬಿಚ್ಚಿದ ಹಳೆಯದನ್ನು ನಾನು ಕೇಳಿ ತಂದಿಟ್ಟಿದ್ದೆ. ಹೊಸದನ್ನೂ ಬಿಚ್ಚಿದೆ. ಎರಡನ್ನೂ ತಂತಿಯಲ್ಲಿ ಕಟ್ಟಿ, ವೈರಿನ ತುದಿ ನೀರಿನ ಮೇಲಿರುವ ಹಾಗೆ ಪಾತ್ರೆಯಲ್ಲಿ ತೂಗುಬಿಟ್ಟು, ಹಾಲಿನ ಥರ್ಮಾಮೀಟರ್ ಪಕ್ಕದಲ್ಲಿಟ್ಟು ಗ್ಯಾಸ್ ಹಚ್ಚಿದೆ. 40 ಡಿಗ್ರಿಯಲ್ಲಿ ಎರಡೂ 280 ಓಮ್ ಆಸುಪಾಸು. 80ರಲ್ಲಿ 70ರ ಹತ್ತಿರ. ನೀರು ಕುದಿಯುವಾಗ 42. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ. ಕುದಿಯುವುದನ್ನು 100 ಅಂತ ಬರೆದುಕೊಂಡರೆ ಲೆಕ್ಕ ಮೂರು ಡಿಗ್ರಿ ತಪ್ಪುತ್ತದೆ. ಈ ಓಮ್ ಅಂಕಿಗಳು ನನ್ನ ಸೆಂಡರ್‌ಗೆ ಮಾತ್ರ, ಬೇರೆ ಗಾಡಿಯದ್ದು ಬೇರೆ ಇರುತ್ತದೆ. ನನಗೆ ಬೇಕಿದ್ದದ್ದು ಒಂದೇ ಉತ್ತರ: ಹಳೇ ಸೆಂಡರ್ ಕೆಟ್ಟೇ ಇರಲಿಲ್ಲ.

ವಾಪಸ್ ಹಾಕುವಾಗ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಲಿಲ್ಲ. ನಲ್ಲಿಗೆ ಸುತ್ತುವ ಅಭ್ಯಾಸದಲ್ಲಿ ಇಲ್ಲೂ ಸುತ್ತುತ್ತಾರೆ. ಸೆಂಡರ್‌ಗೆ ಅರ್ಥ್ ಸಿಗುವುದೇ ಆ ಥ್ರೆಡ್‌ನಿಂದ. ಟೇಪ್ ಅದನ್ನು ತಡೆದರೆ ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ಕೆಳಗೇ ಇರುತ್ತದೆ. ಇಂಜಿನ್‌ನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿ ಕೊಳೆತಿದ್ದರೂ ಹಾಗೆಯೇ. ಕೂಲಂಟ್ ಸೋರಿ ಸೆಂಡರ್ ಸುತ್ತ ನೀರೇ ಇಲ್ಲದಿದ್ದರೂ ಮುಳ್ಳು ಬಿದ್ದುಬಿಡಬಹುದು. ಸುಮ್ನೆ ಏರಿದ ಮುಳ್ಳು ದುಡ್ಡು ತಿನ್ನುತ್ತದೆ, ಸುಮ್ನೆ ಇಳಿದ ಮುಳ್ಳು ಇಂಜಿನ್ನನ್ನೇ ತಿನ್ನುತ್ತದೆ.

ಉಳಿದದ್ದು ಮೀಟರ್ ಬೋರ್ಡಿನ ಅರ್ಥ್. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಉದ್ದ ವೈರ್ ಜೋಡಿಸಿ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಾಕಿದೆ. ಕೆಂಪು ಕಡ್ಡಿಯನ್ನು ಇಂಜಿನ್ ಬ್ಲಾಕ್‌ಗೆ ಮುಟ್ಟಿಸಿದಾಗ 0.05 ವೋಲ್ಟ್. ಒಳ್ಳೆಯದು. ಆಮೇಲೆ ಮೀಟರ್ ಬೋರ್ಡ್ ಹಿಂದಿನ ಕಪ್ಪು ವೈರಿಗೆ. ಲೈಟ್ ಆಫ್ ಇದ್ದಾಗ 0.3. ಲೈಟ್ ಹಾಕಿದ ಕೂಡಲೇ 2.3! ಸರಿಯಾದ ಅರ್ಥ್‌ನಲ್ಲಿ ಇದು 0.1 ದಾಟಬಾರದು. ಮೀಟರ್ ಲೈಟುಗಳ ಕರೆಂಟ್‌ಗೆ ಹೋಗಲು ದಾರಿಯಿಲ್ಲದೆ ಇಡೀ ಬೋರ್ಡಿನ ಅರ್ಥ್ ಎರಡು ವೋಲ್ಟ್ ಮೇಲೆದ್ದು ಕೂತಿತ್ತು. ಗೇಜುಗಳಿಗೆ ಸಿಗುವ ವೋಲ್ಟೂ ಅದರ ಜೊತೆಗೇ ಮೇಲೆದ್ದು, ಸೆಂಡರ್ ಕಡೆ ಕರೆಂಟ್ ಜಾಸ್ತಿ ಹರಿಯುತ್ತಿತ್ತು. ಹಾಗಿರುವಾಗ ಗೇಜುಗಳೆಲ್ಲ ತಪ್ಪು ತೋರಿಸದೆ ಇನ್ನೇನು ಮಾಡಿಯಾವು?

ಆ ಕಪ್ಪು ವೈರ್ ಹಿಡಿದು ಹೋದೆ. ಡ್ಯಾಶ್ ಕೆಳಗೆ, ಎಡಗಾಲಿನ ಪಕ್ಕದ ತಗಡಿಗೆ 10 ಎಂಎಂ ಬೋಲ್ಟ್‌ನಲ್ಲಿ ಬಿಗಿದಿದ್ದರು. ಟಾರ್ಚ್ ಹಿಡಿದು ನೋಡಿದರೆ ಬೋಲ್ಟ್ ತಲೆಯೇ ಕಾಣದಷ್ಟು ಕೆಂಪು ತುಕ್ಕು, ವೈರಿನ ತುದಿಯಲ್ಲಿ ಹಸಿರು ಪುಡಿ. ಮುಟ್ಟಿದರೆ ಬೆರಳು ತೇವವಾಯಿತು. ಮೇಲಕ್ಕೆ ನೋಡಿದೆ. ಮುಂದಿನ ಗಾಜಿನ ರಬ್ಬರ್ ಮೂಲೆಯಲ್ಲಿ ಸೀಳಿತ್ತು. ಮಲೆನಾಡಿನ ಮಳೆಗಾಲವೆಲ್ಲ ನೀರು ಅಲ್ಲಿಂದ ತೊಟ್ಟಿಕ್ಕಿ ಸರಿಯಾಗಿ ಈ ಬೋಲ್ಟ್ ಮೇಲೇ ಬೀಳುತ್ತಿತ್ತು. ಎಷ್ಟು ಮಳೆಗಾಲ ಹೀಗೆ ಬಿತ್ತೋ.

ಬ್ಯಾಟರಿ ನೆಗೆಟಿವ್ ಕಳಚಿ, ಬೋಲ್ಟ್ ಬಿಚ್ಚಿ, ತಗಡನ್ನು ಮರಳು ಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿದೆ. ವೈರನ್ನು ಒಂದಿಂಚು ಹಿಂದಕ್ಕೆ ಕತ್ತರಿಸಿ ತಾಮ್ರದ ಹೊಸ ರಿಂಗ್ ಲಗ್ ಹಾಕಿದೆ. ಹೊಸ ಬೋಲ್ಟ್, ಹಲ್ಲಿರುವ ವಾಷರ್. ಬಿಗಿದ ಮೇಲೆ ವ್ಯಾಸಲಿನ್ ಬಳಿದೆ. ಲೈಟ್ ಹಾಕಿ ಅಳೆದರೆ 0.04. ಮೀಟರ್ ಬೋರ್ಡ್ ಹಬ್ಬದ ಮನೆ ಹಾಗೆ ಬೆಳಗಿತು. ಎರಡೂ ಮುಳ್ಳು ಅಲುಗಾಡಲಿಲ್ಲ. ಖರ್ಚು ಐವತ್ತು ರೂಪಾಯಿ ಒಳಗೆ. ಗಾಜಿನ ರಬ್ಬರ್‌ಗೆ ಮಾತ್ರ ಬೇರೆ ದುಡ್ಡಾಯಿತು.

ಕತೆ ಇಲ್ಲಿಗೇ ಮುಗಿಯಲಿಲ್ಲ. ಮುಳ್ಳು ನಿಜ ಹೇಳಲು ಶುರು ಮಾಡಿದ ಮೇಲೆ ಹೊಸದೊಂದು ಕಂಡಿತು. ಜನವರಿಯ ಚಳಿ ಬೆಳಗಿನಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿದರೂ ಮುಳ್ಳು ಕಾಲು ಭಾಗ ದಾಟುತ್ತಿರಲಿಲ್ಲ. ಗನ್ ಹಿಡಿದರೆ 58. ಆಗ ಆ ರಾತ್ರಿಯ 71 ನೆನಪಾಯಿತು. ಲೋಡ್ ಇಲ್ಲದ ಗಾಡಿಗೂ ಅದು ಕಮ್ಮಿಯೇ. ಹೌಸಿಂಗ್ ಬಿಚ್ಚಿದೆ. ಒಳಗೆ ಥರ್ಮೋಸ್ಟಾಟ್ ವಾಲ್ವೇ ಇಲ್ಲ. ಗ್ಯಾರೇಜಿನಲ್ಲಿ ಬಿಚ್ಚಿದ 'ಇನ್ನೂ ಏನೋ' ಅದೇ ಆಗಿತ್ತು.

ಹೀಟ್ ಅಂದ ಕೂಡಲೇ ವಾಲ್ವ್ ತೆಗೆದುಬಿಡುವುದು ನಮ್ಮ ಕಡೆ ತುಂಬಾ ನಡೆಯುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ವಾಲ್ವ್ ಇಲ್ಲದ ಡೀಸೆಲ್ ಇಂಜಿನ್ ತಣ್ಣಗೇ ಓಡುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಸಿಲಿಂಡರ್ ಬೋರ್ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಆ ವಾಲ್ವೇ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಹಾಗೇ ಹಿಂದಿರುಗಿ, ಘಾಟಿಯಲ್ಲಿ ನಿಜವಾಗಿಯೇ ಹೀಟ್ ಆಗಬಹುದು.

82 ಡಿಗ್ರಿಯ ವಾಲ್ವ್ ತಂದೆ. ಅದೇ ಪಾತ್ರೆ, ಅದೇ ಥರ್ಮಾಮೀಟರ್. 82ಕ್ಕೆ ತುಟಿ ಬಿಚ್ಚಿದ ಹಾಗೆ ಕೂದಲೆಳೆಯಷ್ಟು ತೆರೆಯಿತು, ಕುದಿಯುವಷ್ಟರಲ್ಲಿ ಪೂರ್ತಿ. ಗಾಳಿ ಹೋಗುವ ಪುಟ್ಟ ಪಿನ್ ಮೇಲಕ್ಕೆ ಬರುವಂತೆ ಕೂರಿಸಿ, ಕೂಲಂಟ್ ತುಂಬಿ, ಗಾಡಿಯ ಮೂತಿ ಏರು ಕಡೆ ನಿಲ್ಲಿಸಿ ಗುಳ್ಳೆ ನಿಲ್ಲುವವರೆಗೆ ಗಾಳಿ ಬಿಟ್ಟೆ.

ಆಮೇಲೆ ಒಂದು ವಾರ ಗನ್ ಜೊತೆಗಿಟ್ಟುಕೊಂಡು ಬರೆದುಕೊಂಡೆ. ಸಮ ರಸ್ತೆಯಲ್ಲಿ 84, ಮುಳ್ಳು ಅರ್ಧಕ್ಕೆ ಒಂದು ಗೆರೆ ಕೆಳಗೆ. ಹೆಂಚು ತುಂಬಿ ಘಾಟಿ ಹತ್ತಿ ದೋಣಿಗಾಲ್‌ನಲ್ಲಿ ನಿಲ್ಲಿಸಿದಾಗ 93, ಮುಳ್ಳು ಅರ್ಧಕ್ಕೆ ಒಂದು ಗೆರೆ ಮೇಲೆ. ಆ ಚೀಟಿ ಸನ್ ವೈಸರ್ ಹಿಂದೆ ಸಿಕ್ಕಿಸಿದೆ. ಮಗ ಗಾಡಿ ತಗೊಂಡು ಹೋದಾಗಲೂ ಅವನಿಗೆ ಯಾವ ಗೆರೆ ಅಂದರೆ ಎಷ್ಟು ಡಿಗ್ರಿ ಅಂತ ಗೊತ್ತಿರಲಿ ಅಂತ.

ಈಗ ಪ್ರತಿ ವರ್ಷ ಮಳೆ ನಿಂತ ಮೇಲೆ ಆ 10 ಎಂಎಂ ಬೋಲ್ಟ್ ಒಮ್ಮೆ ಬಿಚ್ಚಿ ಒರೆಸಿ ಬಿಗಿಯುತ್ತೇನೆ, ಲೈಟ್ ಹಾಕಿ ಅಳೆಯುತ್ತೇನೆ. ಹತ್ತು ನಿಮಿಷದ ಕೆಲಸ. ಕಳೆದ ಸಲ ಅಳೆದಾಗ 0.05 ಇತ್ತು.