ಸರ್ಕಾರಿ ಇಲಾಖೆಯಲ್ಲಿ ಉದ್ಯಮ ಸಲಹೆಗಾರರಾಗಿ ಕೆಲಸ ಮಾಡುವುದು ಹೇಗೆ: ಮುಂಬಯಿ, ಪುಣೆಯ ಕನ್ನಡಿಗರಿಗೆ

ಸರ್ಕಾರಿ ಕಚೇರಿಯಲ್ಲಿ ಸಲಹೆಗಾರರಿಗೆ ಕುರ್ಚಿ ಇರುತ್ತದೆ, ಸಹಿ ಹಾಕುವ ಅಧಿಕಾರ ಇರುವುದಿಲ್ಲ. ಖಾಸಗಿ ಕಂಪನಿಯಿಂದಲೋ ಬ್ಯಾಂಕಿನಿಂದಲೋ ಬಂದವರಿಗೆ ಇದಕ್ಕೆ ಒಗ್ಗಿಕೊಳ್ಳಲು ಸಮಯ ಬೇಕಾಗುತ್ತದೆ. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳಲ್ಲಿ ಸಾಲದ ಕಡತಗಳನ್ನು ನೋಡಿ ನಿವೃತ್ತರಾದವರು, ಲೆಕ್ಕಪರಿಶೋಧಕರು, ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಖರೀದಿ ವಿಭಾಗ ನಡೆಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇಂಥವರು ಮಹಾರಾಷ್ಟ್ರದ ಕೈಗಾರಿಕಾ ನಿರ್ದೇಶನಾಲಯದಲ್ಲೋ ಜಿಲ್ಲಾ ಉದ್ಯೋಗ ಕೇಂದ್ರದಲ್ಲೋ (ಮರಾಠಿಯಲ್ಲಿ ಉದ್ಯೋಗವೆಂದರೆ ಕೈಗಾರಿಕೆ) ಕರಾರಿನ ಮೇಲೆ ಸಲಹೆಗಾರರಾಗಿ ಸೇರಿದರೆ ಅವರ ಅನುಭವ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಅದಕ್ಕೊಂದು ಷರತ್ತಿದೆ: ಸಹಿ ಮಾಡುವ ಅಧಿಕಾರಿ ನಿರ್ಭಯವಾಗಿ ಸಹಿ ಮಾಡಬಹುದಾದ ರೂಪದಲ್ಲಿ ಸಲಹೆ ಕಡತಕ್ಕೆ ಬರಬೇಕು. ಮಾತಿನಲ್ಲೇ ಉಳಿದ ಸಲಹೆ ಎಷ್ಟು ಉತ್ತಮವಾಗಿದ್ದರೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸೇರುವ ಮೊದಲು

ಕರಾರು ಪತ್ರವನ್ನು ಪೂರ್ತಿ ಓದಿ. ಅವಧಿ, ಮಾಸಿಕ ಸಂಭಾವನೆ, ರಜೆ, ಪ್ರಯಾಣ ವೆಚ್ಚ ಇವನ್ನು ಎಲ್ಲರೂ ನೋಡುತ್ತಾರೆ. ಕೆಲಸದ ವ್ಯಾಪ್ತಿ ಮತ್ತು ವರದಿ ಮಾಡಿಕೊಳ್ಳಬೇಕಾದ ಅಧಿಕಾರಿಯ ಹುದ್ದೆ ಸ್ಪಷ್ಟವಾಗಿ ನಮೂದಾಗಿದೆಯೇ ಎಂಬುದನ್ನು ನೋಡುವವರು ಕಡಿಮೆ. ಅದು ಇಲ್ಲದಿದ್ದರೆ ಪ್ರತ್ಯೇಕ ಕಚೇರಿ ಆದೇಶವನ್ನು ಕೇಳಿ ಪಡೆಯಿರಿ. ಇಲ್ಲವಾದರೆ ಮೂರು ಮಂದಿ ಅಧಿಕಾರಿಗಳು ನಿಮಗೆ ಕೆಲಸ ಹೇಳುತ್ತಾರೆ, ಸಂಭಾವನೆಯ ಬಿಲ್ಲನ್ನು ದೃಢೀಕರಿಸಲು ಒಬ್ಬರೂ ಮುಂದೆ ಬರುವುದಿಲ್ಲ. ವೃತ್ತಿಪರ ಶುಲ್ಕವೆಂದು ಕೊಡುವ ಹಣದಿಂದ ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಮೂಲದಲ್ಲಿಯೇ ಹಿಡಿಯುವ ಆದಾಯ ತೆರಿಗೆ) ಕಡಿತವಾಗುತ್ತದೆಂಬುದನ್ನು ಮನೆಯ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ. ಹಳೆಯ ಗ್ರಾಹಕರು ಇನ್ನೂ ಇದ್ದರೆ ಅವರ ವಿವರವನ್ನು ಲಿಖಿತವಾಗಿ ತಿಳಿಸಿ, ಅವರ ಅರ್ಜಿಗಳು ನಿಮ್ಮ ಮುಂದೆ ಬರದಂತೆ ವ್ಯವಸ್ಥೆ ಮಾಡಿಸಿಕೊಳ್ಳಿ.

ಭಾಷೆಯ ವಿಷಯದಲ್ಲಿ ರಾಜಿಗೆ ಅವಕಾಶವಿಲ್ಲ. 1964ರ ರಾಜಭಾಷಾ ಅಧಿನಿಯಮದ ಪ್ರಕಾರ ರಾಜ್ಯದ ಆಡಳಿತ ಭಾಷೆ ಮರಾಠಿ. ಟಿಪ್ಪಣಿ, ಪತ್ರ, ನಡಾವಳಿ ಎಲ್ಲವೂ ಮರಾಠಿಯಲ್ಲಿಯೇ ನಡೆಯುತ್ತವೆ. ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಬೆಳೆದವರಿಗೆ ಆಡುವ ಮರಾಠಿ ಸಲೀಸಾಗಿ ಬರುತ್ತದೆ, ಕಚೇರಿಯ ಮರಾಠಿ ಬೇರೆಯೇ. ಅದನ್ನು ಕಲಿಯಲು ಹಳೆಯ ಕಡತಗಳೇ ಅತ್ಯುತ್ತಮ ಪಠ್ಯ.

ಶಾಸನ ನಿರ್ಣಯವನ್ನು ಓದುವ ಕ್ರಮ

ಎಲ್ಲ ಯೋಜನೆಗಳ ಬೇರು ಶಾಸನ ನಿರ್ಣಯದಲ್ಲಿ, ಅಂದರೆ ಸರ್ಕಾರದ ಲಿಖಿತ ಆದೇಶದಲ್ಲಿದೆ. ಕಚೇರಿಯಲ್ಲಿ ಎಲ್ಲರೂ ಇದನ್ನು ಜಿಆರ್ ಎನ್ನುತ್ತಾರೆ. ರಾಜ್ಯ ಸರ್ಕಾರದ ಜಾಲತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ. ಪ್ರತಿ ನಿರ್ಣಯದ ತಲೆಯಲ್ಲಿ 'ವಾಚಾ' (ಓದಿ) ಎಂಬ ಭಾಗವಿದ್ದು, ಅದರಲ್ಲಿ ಹಿಂದಿನ ನಿರ್ಣಯಗಳ, ಪತ್ರಗಳ ಸಂಖ್ಯೆ ಮತ್ತು ದಿನಾಂಕ ಇರುತ್ತವೆ. ಅದರ ಕೆಳಗೆ ಪ್ರಸ್ತಾವನೆ, ಬಳಿಕ ನಿಜವಾದ ನಿರ್ಣಯ. ಹೊಸಬರು ಪ್ರಸ್ತಾವನೆಯನ್ನು ಶ್ರದ್ಧೆಯಿಂದ ಓದಿ 'ವಾಚಾ'ವನ್ನು ದಾಟಿ ಹೋಗುತ್ತಾರೆ. ನೀವು ತಿರುಗಿಸಿ ಓದಿ: ಇತ್ತೀಚಿನ ನಿರ್ಣಯದಿಂದ ಆರಂಭಿಸಿ 'ವಾಚಾ'ದ ಜಾಡು ಹಿಡಿದು ಹಿಂದಕ್ಕೆ ಹೋಗುತ್ತಾ, ಯಾವ ಕಲಮು ಯಾವಾಗ ಬದಲಾಯಿತು, ಯಾವುದು ರದ್ದಾಯಿತು ಎಂದು ಒಂದು ವಹಿಯಲ್ಲಿ ಬರೆದಿಡಿ. ನಿಮ್ಮ ಬಳಿ ಸಲಹೆಗೆ ಬರುವವರಲ್ಲಿ ಅರ್ಧ ಜನ ಎಂದೋ ರದ್ದಾದ ನಿಯಮವನ್ನು ನಂಬಿ ಬಂದಿರುತ್ತಾರೆ. ಕೇಂದ್ರದ ಯೋಜನೆಗಳ ಮಾರ್ಗಸೂಚಿಗಳೂ ಕಾಲಕಾಲಕ್ಕೆ ಬದಲಾಗುವುದರಿಂದ, ಅಂಕಿಗಳನ್ನು ಬಾಯಲ್ಲಿ ಹೇಳುವ ಮೊದಲು ಆ ದಿನ ಜಾರಿಯಲ್ಲಿರುವ ಪ್ರತಿಯನ್ನು ತೆರೆದು ನೋಡುವುದು ರೂಢಿಯಾಗಬೇಕು.

ಟಿಪ್ಪಣಿ ಬರೆಯುವುದು

ಸಲಹೆಗಾರರ ಕಸುಬು ಗೊತ್ತಾಗುವುದು ಟಿಪ್ಪಣಿಯಲ್ಲಿಯೇ. ಮುಂಬಯಿಯ ಮಂತ್ರಾಲಯದಲ್ಲಿ, ಅಂದರೆ ರಾಜ್ಯದ ಸಚಿವಾಲಯದಲ್ಲಿ, ಕಡತ ಕಕ್ಷ ಅಧಿಕಾರಿಯಿಂದ (ಶಾಖೆಯ ಅಧಿಕಾರಿ) ಅಧೀನ ಕಾರ್ಯದರ್ಶಿಗೆ, ಅಲ್ಲಿಂದ ಉಪ ಕಾರ್ಯದರ್ಶಿಗೆ, ಅಗತ್ಯವಿದ್ದರೆ ಪ್ರಧಾನ ಕಾರ್ಯದರ್ಶಿಯವರೆಗೆ ಏರುತ್ತದೆ. ಹಣದ ಪ್ರಶ್ನೆಯಿದ್ದರೆ ಹಣಕಾಸು ಇಲಾಖೆಯ ಸಹಮತಿ, ಕಾನೂನಿನ ತೊಡಕಿದ್ದರೆ ವಿಧಿ ಮತ್ತು ನ್ಯಾಯ ಇಲಾಖೆಯ ಅಭಿಪ್ರಾಯ ಬೇಕು. ಈ ಪ್ರತಿಯೊಂದು ಮೇಜಿನಲ್ಲಿಯೂ ನಿಮ್ಮ ಪರವಾಗಿ ಮಾತಾಡಲು ನೀವು ಇರುವುದಿಲ್ಲ, ನಿಮ್ಮ ಟಿಪ್ಪಣಿ ಮಾತ್ರ ಇರುತ್ತದೆ.

ಆದ್ದರಿಂದ ತೀರ್ಮಾನವಾಗಬೇಕಾದ ಪ್ರಶ್ನೆ ಏನೆಂಬುದನ್ನು ಮೊದಲ ವಾಕ್ಯದಲ್ಲಿಯೇ ಬರೆಯಿರಿ. ಅನ್ವಯವಾಗುವ ನಿರ್ಣಯದ ದಿನಾಂಕ ಮತ್ತು ಕಲಮನ್ನು ಉಲ್ಲೇಖಿಸಿ. ಪ್ರತಿ ಸಂಗತಿಯ ಮುಂದೆ ಅದು ಕಡತದ ಯಾವ ಪುಟದಲ್ಲಿದೆ ಎಂದು ತೋರಿಸಿ. ಸಾಧ್ಯವಿರುವ ದಾರಿಗಳು ಎರಡಿದ್ದರೆ ಎರಡನ್ನೂ ಇಡಿ, ಪ್ರತಿಯೊಂದಕ್ಕೆ ತಗಲುವ ಖರ್ಚು ಮತ್ತು ಅದು ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆಯಿಂದ ಬರಬೇಕೆಂಬುದನ್ನು ಹೇಳಿ, ಕೊನೆಗೆ ನಿಮ್ಮ ಶಿಫಾರಸನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಕಂಪನಿಗಳಲ್ಲಿ ರೂಢಿಯಾಗಿರುವ ನಲವತ್ತು ಸ್ಲೈಡುಗಳ ಪ್ರಸ್ತುತಿಯನ್ನು ಸಭೆಗೆ ಬೇಕಾದರೆ ಇಟ್ಟುಕೊಳ್ಳಬಹುದು; ಕಡತಕ್ಕೆ ಎರಡು ಪುಟ ಸಾಕು.

ಇನ್ನೊಂದು ಎಚ್ಚರ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಮಾಹಿತಿಯ ವ್ಯಾಖ್ಯೆಯೊಳಗೆ ಅಭಿಪ್ರಾಯ ಮತ್ತು ಸಲಹೆಗಳೂ ಸೇರಿವೆ. ನೀವು ಬರೆದದ್ದನ್ನು ಯಾರಾದರೂ ಅರ್ಜಿ ಹಾಕಿ ಪಡೆಯಬಹುದು ಎಂಬ ಅರಿವಿನಿಂದಲೇ ಬರೆಯಿರಿ. ಅಧಿಕಾರಿ ಬಾಯಿಮಾತಿನಲ್ಲಿ ಬೇರೆ ಸೂಚನೆ ಕೊಟ್ಟರೆ, 'ಚರ್ಚಿಸಿದಂತೆ' ಎಂದು ನಮೂದಿಸಿ ಆ ಸೂಚನೆಯನ್ನು ಟಿಪ್ಪಣಿಯಲ್ಲಿ ದಾಖಲಿಸುವುದು ಅವಿಧೇಯತೆಯಲ್ಲ.

ಕಾಲದ ಲೆಕ್ಕವನ್ನೂ ತಿಳಿದಿರಬೇಕು. ಅಧಿವೇಶನ ನಡೆಯುವಾಗ, ಅದರಲ್ಲಿಯೂ ಡಿಸೆಂಬರಿನಲ್ಲಿ ನಾಗಪುರದ ಅಧಿವೇಶನಕ್ಕೆ ಅಧಿಕಾರಿಗಳು ಹೊರಟಾಗ, ಶಾಸಕರ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವುದರ ಹೊರತು ಬೇರೆ ಕಡತ ಅಲುಗಾಡುವುದು ಕಷ್ಟ. ಚುನಾವಣೆಯ ನೀತಿಸಂಹಿತೆ ಜಾರಿಯಾದರೆ ಹೊಸ ಯೋಜನೆ ಘೋಷಿಸುವಂತಿಲ್ಲ. ಮಾರ್ಚ್ 31ರೊಳಗೆ ಖರ್ಚಾಗದ ಅನುದಾನ ಮರಳಿ ಹೋಗುತ್ತದೆ. ಇವನ್ನೆಲ್ಲ ಲೆಕ್ಕ ಹಾಕಿ, ಮುಖ್ಯ ಪ್ರಸ್ತಾವಗಳನ್ನು ಗಣೇಶ ಚತುರ್ಥಿಯ ಮೊದಲೇ ಕಡತಕ್ಕೆ ಏರಿಸುವುದು ಜಾಣತನ.

ಎದುರಿಗೆ ಕೂತ ಉದ್ಯಮಿಗೆ

ಜಿಲ್ಲಾ ಉದ್ಯೋಗ ಕೇಂದ್ರಗಳು 1978ರಲ್ಲಿ ಆರಂಭವಾದದ್ದೇ ಸಣ್ಣ ಉದ್ಯಮಿಗೆ ಬೇಕಾದದ್ದು ಒಂದೇ ಸೂರಿನಡಿ ಸಿಗಲಿ ಎಂದು. ವಾಸ್ತವದಲ್ಲಿ ಬಾಗಿಲುಗಳು ಇನ್ನೂ ಹಲವು: ಕೈಗಾರಿಕಾ ನಿವೇಶನಕ್ಕೆ ಎಂಐಡಿಸಿ (ರಾಜ್ಯದ ಕೈಗಾರಿಕಾಭಿವೃದ್ಧಿ ನಿಗಮ), ಮಾಲಿನ್ಯದ ಒಪ್ಪಿಗೆಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಸಾಲಕ್ಕೆ ಬ್ಯಾಂಕು. ಬಂದವರನ್ನು ಸರಿಯಾದ ಬಾಗಿಲಿಗೆ, ಸರಿಯಾದ ಕಾಗದಗಳೊಂದಿಗೆ ಕಳಿಸಿದರೂ ಅರ್ಧ ಕೆಲಸ ಆದಂತೆ.

ಉಳಿದರ್ಧ ಲೆಕ್ಕ ಬಿಡಿಸಿ ಹೇಳುವುದು. ಪುಣೆಯಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ಅನುಭವ ಪಡೆದ ಯುವಕನೊಬ್ಬ ದೋಸೆ ಹಿಟ್ಟು ತಯಾರಿಸುವ ಘಟಕಕ್ಕೆ ಪಿಎಂಇಜಿಪಿ (ಸ್ವಂತ ಉದ್ಯಮಕ್ಕೆ ಸಾಲ ಮತ್ತು ಸಹಾಯಧನ ಕೊಡುವ ಕೇಂದ್ರದ ಯೋಜನೆ) ಯೋಜನೆಯಡಿ 20 ಲಕ್ಷದ ಪ್ರಸ್ತಾವ ತಂದಿದ್ದಾನೆಂದು ಭಾವಿಸಿ. 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ತಯಾರಿಕಾ ಘಟಕಕ್ಕೆ ಗರಿಷ್ಠ ಮಿತಿ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ. ನಗರದ ಸಾಮಾನ್ಯ ವರ್ಗದ ಅರ್ಜಿದಾರನಾದರೆ ಅವನ ಕೈಯಿಂದ ಶೇ. 10, ಅಂದರೆ 2 ಲಕ್ಷ, ಬ್ಯಾಂಕಿನಿಂದ 18 ಲಕ್ಷ, ಸಹಾಯಧನ ಶೇ. 15, ಅಂದರೆ 3 ಲಕ್ಷ. ಅರ್ಜಿದಾರಳು ಮಹಿಳೆಯಾದರೆ ಸ್ವಂತ ಪಾಲು 1 ಲಕ್ಷ, ಸಹಾಯಧನ 5 ಲಕ್ಷ. ಈ ಸಹಾಯಧನ ಕೈಗೆ ಬರುತ್ತದೆಂದು ಹೆಚ್ಚಿನವರು ತಿಳಿದಿರುತ್ತಾರೆ. ಅದು ಬ್ಯಾಂಕಿನಲ್ಲಿಯೇ ಮೂರು ವರ್ಷ ಬಡ್ಡಿಯಿಲ್ಲದ ಠೇವಣಿಯಾಗಿ ಉಳಿಯುತ್ತದೆ. ಸಾಲದಲ್ಲಿ ಅಷ್ಟು ಮೊತ್ತಕ್ಕೆ ಬ್ಯಾಂಕು ಬಡ್ಡಿ ಹಾಕುವುದಿಲ್ಲ. ಘಟಕ ನಡೆಯುತ್ತಿದೆ ಎಂಬುದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಜಾಗದ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ. ಇಷ್ಟನ್ನು ಹೇಳಿದ ಮೇಲೆ ಸಹಾಯಧನವನ್ನು ಪೂರ್ತಿ ಬದಿಗಿಟ್ಟು, ದಿನಕ್ಕೆ ಎಷ್ಟು ಕಿಲೋ ಹಿಟ್ಟು ಮಾರಿದರೆ ಬಾಡಿಗೆ, ವಿದ್ಯುತ್ತು, ಕೂಲಿ, ಕಂತು ನಿಭಾಯಿಸಬಹುದು ಎಂದು ಅವನ ಕೈಯಿಂದಲೇ ಲೆಕ್ಕ ಹಾಕಿಸಿ. ಸಹಾಯಧನ ಇಲ್ಲದೆ ನಿಲ್ಲದ ಉದ್ಯಮ ಸಹಾಯಧನದಿಂದಲೂ ಬಹುಕಾಲ ನಿಲ್ಲುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಸಾಲ ಬೇಡ ಎಂದು ಹೇಳಬೇಕಾದ ಸಂದರ್ಭದಲ್ಲಿ, ಇಲಾಖೆಯ ಗುರಿಸಂಖ್ಯೆ ಎಷ್ಟೇ ಒತ್ತಿದರೂ, ಹಾಗೆಯೇ ಹೇಳಿ.

ಪಿಂಪ್ರಿ-ಚಿಂಚವಾಡದ ಸಣ್ಣ ವರ್ಕ್‌ಶಾಪುಗಳವರದು ಬೇರೆ ಗೋಳು: ಮಾಲು ಕೊಟ್ಟಾಗಿದೆ, ಹಣ ಬಂದಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯಿದೆಯ ಪ್ರಕಾರ ಲಿಖಿತ ಕರಾರಿದ್ದರೂ ಖರೀದಿದಾರರು 45 ದಿನ ಮೀರುವಂತಿಲ್ಲ, ಕರಾರಿಲ್ಲದಿದ್ದರೆ 15 ದಿನ; ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ರಕ್ಷಣೆ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಮಾತ್ರ, ಮಧ್ಯಮಕ್ಕಿಲ್ಲ. ಮಾಲು ಕಳಿಸುವ ಮೊದಲೇ ಉದ್ಯಮ್ ನೋಂದಣಿ (ಇಂಥ ಘಟಕಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಆಗಿರಬೇಕೆಂದು ಒತ್ತಿ ಹೇಳಿ. ಅದು ಉಚಿತ, ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಇಂಥ ಬಾಕಿಯ ವ್ಯಾಜ್ಯಗಳನ್ನು ಬಗೆಹರಿಸುವ ಸೌಲಭ್ಯ ಮಂಡಳಿಗೆ ಜಾಲತಾಣದ ಮೂಲಕ ದೂರು ಕೊಡಬಹುದು. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಡಲು ಯಾರೂ ಸುಲಭವಾಗಿ ಮುಂದಾಗುವುದಿಲ್ಲ, ಆ ಹಿಂಜರಿಕೆ ಅರ್ಥವಾಗುವಂಥದ್ದೇ. ಆದ್ದರಿಂದ ಮೊದಲ ಹೆಜ್ಜೆಯಾಗಿ, ಗಡುವಿನೊಳಗೆ ಪಾವತಿಸದ ಬಾಕಿಯನ್ನು ಖರೀದಿದಾರರು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು ಎಂಬ 2024ರ ಏಪ್ರಿಲ್ 1ರಿಂದ ಜಾರಿಯಾದ ನಿಯಮವನ್ನು ನೆನಪಿಸುವ ವಿನಯದ ಪತ್ರವೊಂದನ್ನು ಗಿರಾಕಿಯ ಲೆಕ್ಕ ವಿಭಾಗಕ್ಕೆ ಬರೆಯಿಸಿ. ಮಾರ್ಚ್ ತಿಂಗಳಲ್ಲಿ ಈ ಪತ್ರಕ್ಕೆ ದೂರಿಗಿಂತ ಹೆಚ್ಚಿನ ಬಲವಿರುತ್ತದೆ.

ನಮ್ಮವರು ಬಂದಾಗ

ನೀವು ಆ ಕಚೇರಿಯಲ್ಲಿದ್ದೀರೆಂದು ತಿಳಿದ ಕೂಡಲೇ ಸಂಘದ ಪರಿಚಯದವರು, ಊರಿನವರು ಮನೆಗೆ ಬರುತ್ತಾರೆ. 'ನೀವೊಂದು ಮಾತು ಹೇಳಿಬಿಡಿ ಮಾರಾಯ್ರೆ' ಎಂಬ ಕೋರಿಕೆಗೆ ಒಂದೇ ಉತ್ತರವಿರಲಿ: ಎಲ್ಲರಿಗೂ ತೆರೆದಿರುವ ಮಾಹಿತಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ, ಅರ್ಜಿ ಮಾತ್ರ ಎಲ್ಲರಂತೆ ಸರದಿಯಲ್ಲಿ ಬರಬೇಕು. ಇಂಥ ಲೆಕ್ಕಪರಿಶೋಧಕರ ಬಳಿ, ಇಂಥ ಯಂತ್ರದ ವ್ಯಾಪಾರಿಯ ಬಳಿ ಹೋಗಿ ಎಂದು ಹೆಸರು ಸೂಚಿಸಬೇಡಿ. ದೀಪಾವಳಿಯ ಸಿಹಿ ಪೆಟ್ಟಿಗೆಯನ್ನು ಬಾಗಿಲಲ್ಲಿಯೇ ಮರಳಿಸಿ. ಆ ಕ್ಷಣದ ಮುಜುಗರವನ್ನು ಸಹಿಸಿಕೊಳ್ಳಬಹುದು. ಮೇಲಧಿಕಾರಿಯ ಅನುಮತಿ ಪಡೆದು ಕನ್ನಡ ಸಂಘದಲ್ಲಿ ಒಂದು ಸಾರ್ವಜನಿಕ ಮಾಹಿತಿ ಸಭೆ ನಡೆಸಿದರೆ, ಇಂಥ ಮನೆ ಭೇಟಿಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಕರಾರು ಮುಗಿಯುವ ಹೊತ್ತಿಗೆ

ಕೊನೆಯ ತಿಂಗಳು ಹೊಸ ಪ್ರಸ್ತಾವಗಳನ್ನು ಕೈಗೆತ್ತಿಕೊಳ್ಳದೆ, ಬಾಕಿ ಕಡತಗಳು ಯಾವ ಮೇಜಿನಲ್ಲಿವೆ, ಮುಂದಿನ ಹೆಜ್ಜೆ ಏನು ಎಂಬ ಪಟ್ಟಿಯನ್ನು ಮರಾಠಿಯಲ್ಲಿ ಬರೆದು ಆವಕದಲ್ಲಿ (ಪತ್ರ ಸ್ವೀಕರಿಸುವ ವಿಭಾಗ) ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವಂತ ಲ್ಯಾಪ್‌ಟಾಪಿನಲ್ಲಿರುವ ಕೋಷ್ಟಕಗಳನ್ನು ಕಚೇರಿಗೆ ಒಪ್ಪಿಸಿ ನಿಮ್ಮ ಪ್ರತಿಯನ್ನು ಅಳಿಸಿ. ಗುರುತಿನ ಚೀಟಿ ಮರಳಿಸಿದ್ದಕ್ಕೆ ರಸೀದಿ, ಬಾಕಿ ಇಲ್ಲವೆಂಬ ಪ್ರಮಾಣಪತ್ರ, ಟಿಡಿಎಸ್ ಪ್ರಮಾಣಪತ್ರ ಇವು ಮೂರೂ ಕೈಸೇರಬೇಕು. ಕರಾರು ಮಾರ್ಚ್‌ನಲ್ಲಿ ಮುಗಿಯುವುದಾದರೆ ಅಂತಿಮ ಬಿಲ್ಲನ್ನು ಸಾಧ್ಯವಾದಷ್ಟು ಬೇಗ, ತಿಂಗಳ ಕೊನೆಯ ನೂಕುನುಗ್ಗಲಿಗೆ ಮೊದಲೇ ಸಲ್ಲಿಸಿ. ಅನುದಾನ ಮರಳಿ ಹೋದ ಮೇಲೆ ಅದೇ ಬಿಲ್ಲಿಗೆ ಹೊಸ ವರ್ಷದ ಮಂಜೂರಾತಿಗಾಗಿ ಕಾಯಬೇಕಾಗುತ್ತದೆ.