ಚಳಿ ಮುಗಿಯುವ ಹೊತ್ತಿಗೆ ಗೆಂಡೆ ಹಿಡಿಯುವುದು: ಮೊದಲು ಥರ್ಮಾಮೀಟರ್, ಆಮೇಲೆ ಗಾಳ

ಚಳಿಗಾಲದ ಕೊನೆಯಲ್ಲಿ ಗೆಂಡೆ ಮೀನು (ಕಾರ್ಪ್) ಹಿಡಿಯಲು ಹೊರಟಿದ್ದೀರಾ? ಹಾಗಾದರೆ ಬೆಳಗಿನ ಜಾವ ಏಳಬೇಡಿ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ದಡದಲ್ಲಿರಬೇಕು, ನಿಜ. ಈಗ ಹಾಗಲ್ಲ. ರಾತ್ರಿಯೆಲ್ಲ ತಣ್ಣಗಾದ ನೀರಿನಲ್ಲಿ ಮೀನು ಹೆಚ್ಚು ಅಲುಗಾಡುವುದಿಲ್ಲ. ನಾನು ಕೆರೆ ಹತ್ತಿರ ಹೋಗುವುದೇ ಒಂಬತ್ತರ ಮೇಲೆ. ಹೋದ ಮೇಲೂ ಒಂದು ಗಂಟೆ ಗಾಳ ಚೀಲದಿಂದ ಆಚೆ ಬರುವುದಿಲ್ಲ.

ಆ ಒಂದು ಗಂಟೆ ಥರ್ಮಾಮೀಟರಿಗೆ. ಆರು ಮೀಟರ್ ದಾರದ ತುದಿಗೆ ಥರ್ಮಾಮೀಟರ್ ಕಟ್ಟಿ, ಜೊತೆಗೊಂದು ಸೀಸದ ಗುಂಡು ಸೇರಿಸಿ. ಮೀಟರಿಗೊಂದು ಗಂಟು ಹಾಕಿಕೊಂಡರೆ ಆಳದ ಅಂದಾಜೂ ಸಿಗುತ್ತದೆ. ತಳ ಮುಟ್ಟಿದ ಮೇಲೆ ಎರಡು ಮೂರು ನಿಮಿಷ ಬಿಡಿ. ಬೇಗ ಎಳೆದು, ಓದಿ, ಬರೆದುಕೊಳ್ಳಿ. ಕೆರೆಯ ಸುತ್ತ ಐದಾರು ಕಡೆ ಹೀಗೆ ಮಾಡಿ.

ಇಷ್ಟೆಲ್ಲ ಯಾಕೆ ಅಂದರೆ, ಗೆಂಡೆ ತಣ್ಣನೆ ರಕ್ತದ ಮೀನು. ನೀರು ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಸುಮಾರು ಅಷ್ಟೇ. ನೀರು 10 ಡಿಗ್ರಿಗಿಂತ ಕೆಳಗಿಳಿದರೆ ಅದು ತಿನ್ನುವುದು ತೀರಾ ಕಡಿಮೆ. ಒಂದು ಡಿಗ್ರಿ ನಮ್ಮ ಕೈಗೆ ಗೊತ್ತೂ ಆಗಲ್ಲ, ಆದರೆ ಅದಕ್ಕೆ ದೊಡ್ಡ ವ್ಯತ್ಯಾಸ. ನೀರು ಅತಿ ಭಾರ ಇರುವುದು 4 ಡಿಗ್ರಿಯಲ್ಲಿ. ಹಾಗಾಗಿ ಮೇಲೆ ಮಂಜುಗಡ್ಡೆ ಕಟ್ಟುವಂಥ ಚಳಿಯಲ್ಲಿ ಆಳದ ತಳವೇ ಬೆಚ್ಚಗಿನ ಜಾಗ. ಚಳಿಗಾಲದ ಕೊನೆಗೆ ಬಿಸಿಲು ಏರಿದಂತೆ ಲೆಕ್ಕ ತಿರುಗುತ್ತದೆ. ಮೊದಲು ಕಾಯುವುದು ಆಳವಿಲ್ಲದ ಅಂಚು. ಬೆಚ್ಚನೆ ಗಾಳಿ ಬೀಸುತ್ತಿದ್ದರೆ ಕಾದ ಮೇಲ್ನೀರನ್ನು ಎದುರಿನ ದಡಕ್ಕೆ ತಳ್ಳುತ್ತದೆ, ಅಲ್ಲಿಗೆ ಹೋಗಿ. ಕೊರೆಯುವ ಗಾಳಿಯಾದರೆ ಮರೆ ಇರುವ, ಬಿಸಿಲು ಬೀಳುವ ಕಡೆ ಕೂರಿ.

ಹೋದ ವರ್ಷ ಇದೇ ಕಾಲದಲ್ಲಿ ನಾನು ಮೂರು ದಿನ ಆಳದ ತುದಿಯಲ್ಲೇ ಕೂತು ಬರಿಗೈಲಿ ಮನೆಗೆ ಬಂದೆ. ನಾಲ್ಕನೇ ದಿನ ಅಳೆದು ನೋಡಿದರೆ ಅಲ್ಲಿ 6.2. ಜೊಂಡಿನ ಪಕ್ಕ, ಒಂದೂವರೆ ಮೀಟರ್ ನೀರಿನಲ್ಲಿ 7.8! ಸಾಮಾನೆಲ್ಲ ಎತ್ತಿಕೊಂಡು ಅಲ್ಲಿಗೆ ಹೋದೆ. ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಮೊದಲ ಮೀನು, ಮುಕ್ಕಾಲು ಗಂಟೆಯಲ್ಲಿ ಇನ್ನೊಂದು. ಈ ಕಾಲದಲ್ಲಿ ಗೆಂಡೆಗಳು ಗುಂಪಾಗಿ ಒತ್ತೊತ್ತಾಗಿ ಇರುತ್ತವೆ. ಒಂದು ಸಿಕ್ಕರೆ ಜಾಗ ಬಿಡಬೇಡಿ.

ಸಾಮಾನಿನ ವಿಷಯ ಜಾಸ್ತಿ ಇಲ್ಲ. 10 ಪೌಂಡ್ ತಡೆಯುವ ಲೈನ್, 60 ಗ್ರಾಮಿನ ಸೀಸ, 10ನೇ ನಂಬರಿನ ಮರುಮುಳ್ಳಿಲ್ಲದ ಹುಕ್. ಕಟ್ಟುವುದಕ್ಕೆ ಹೇರ್ ರಿಗ್. ಇಂಗ್ಲೆಂಡಿನ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ರೂಪಿಸಿದ ಈ ಕಟ್ಟಿನಲ್ಲಿ ಎರೆಯನ್ನು ಹುಕ್ಕಿಗೆ ಚುಚ್ಚುವುದಿಲ್ಲ. ಹುಕ್ಕಿನಿಂದ ಇಳಿಬಿಟ್ಟ ಚಿಕ್ಕ ದಾರಕ್ಕೆ ಪೋಣಿಸುತ್ತಾರೆ. ಗೆಂಡೆ ಎರೆಯನ್ನು ಹೀರಿ, ಅನುಮಾನ ಬಂದರೆ ಉಗುಳುತ್ತದೆ. ಉಗುಳುವಾಗ ಬರಿ ಹುಕ್ ತುಟಿಗೆ ಸಿಕ್ಕಿಕೊಳ್ಳುತ್ತದೆ.

ಎರೆ ವಿಷಯಕ್ಕೆ ಬಂದರೆ, ಇಲ್ಲೇ ಹೆಚ್ಚಿನವರು ತಪ್ಪುವುದು. ಗೆಂಡೆಗೆ ಹೊಟ್ಟೆಚೀಲವೇ ಇಲ್ಲ. ಗಂಟಲಿನ ಹಲ್ಲಿನಲ್ಲಿ ಅರೆದದ್ದು ನೇರ ಕರುಳಿಗೆ ಇಳಿಯುತ್ತದೆ. ಚಳಿಯಲ್ಲಿ ಅದು ಅರಗುವುದೂ ನಿಧಾನ. ನೀವು ಕಿಲೋಗಟ್ಟಲೆ ಸುರಿದರೆ ನಾಲ್ಕು ಕಾಳಿಗೆ ಅದರ ಹಸಿವು ತೀರುತ್ತದೆ, ನಿಮ್ಮ ಹುಕ್ಕಿನ ಎರೆ ಹಾಗೇ ಉಳಿಯುತ್ತದೆ. ನನಗೆ ಇಡೀ ದಿನಕ್ಕೆ ಒಂದು ಹಿಡಿ ಬೇಯಿಸಿದ ಮೆಕ್ಕೆಜೋಳ ಸಾಕು. ಹುಕ್ಕಿನ ಮೇಲೆ ಎರಡು ಕಾಳು, ಅದರ ಸುತ್ತ ಹತ್ತು ಹದಿನೈದು. ಒಣ ಕಾಳಾದರೆ ಒಂದು ದಿನ ನೆನೆಸಿ ಚೆನ್ನಾಗಿ ಬೇಯಿಸಿ. ಗಟ್ಟಿ ಕಾಳು ಮೀನಿಗೆ ಒಳ್ಳೆಯದಲ್ಲ.

ಎಸೆದಾಗ ಲೈನ್ ಬಿಗಿ ಹಿಡಿದು ಸೀಸ ತಳ ಮುಟ್ಟುವುದನ್ನು ಕೈಯಲ್ಲಿ ಕೇಳಿ. ಟಕ್ ಅಂದರೆ ಗಟ್ಟಿ ನೆಲ, ಅಲ್ಲಿ ಎರೆ ಚೆನ್ನಾಗಿ ಕೂರುತ್ತದೆ. ಏನೂ ಅನ್ನಿಸದೆ ಮೆತ್ತಗೆ ಇಳಿದರೆ ಕೆಸರು. ಎಳೆದುಕೊಂಡು ಎರಡು ಮೀಟರ್ ಪಕ್ಕಕ್ಕೆ ಎಸೆಯಿರಿ.

ಇನ್ನು ಕಣ್ಣು ಲೈನಿನ ಮೇಲೆ. ಬೇಸಿಗೆಯಂತೆ ಲೈನ್ ಸುತ್ತುವ ರೀಲ್ ಕಿರುಚುವುದನ್ನು ಕಾಯಬೇಡಿ. ಲೈನ್ ಒಂದು ಬೆರಳಷ್ಟು ಸರಿದು ನಿಂತರೆ, ಅದೂ ಮೀನೇ ಇರಬಹುದು. ಸುಮ್ನೆ ಕೂತು ಮೊಬೈಲ್ ನೋಡುತ್ತಿದ್ದರೆ ಅದು ತಪ್ಪಿಹೋಗುತ್ತದೆ. ಗುಳ್ಳೆ, ನೀರಿನಲ್ಲಿ ಎದ್ದ ಕದಡು, ಒಂದು ಸಣ್ಣ ಹೊರಳು, ಏನು ಕಂಡರೂ ಎದ್ದು ಅಲ್ಲಿಗೆ ಹೋಗಿ. ಒಂದೂವರೆ ಗಂಟೆ ಏನೂ ಕಾಣದಿದ್ದರೂ ಜಾಗ ಬದಲಿಸಿ. ಹನ್ನೆರಡರಿಂದ ನಾಲ್ಕರವರೆಗಿನ ಹೊತ್ತು ತುಂಬಾ ಬೆಲೆಯುಳ್ಳದ್ದು, ಊಟವನ್ನು ಅದಕ್ಕೆ ಮೊದಲೇ ಮುಗಿಸಿಕೊಳ್ಳಿ.

ಮೀನು ಬಂತು ಅಂದರೆ ಅವಸರಪಡಬೇಡಿ, ಕೈಬಲೆಯನ್ನು ನೀರಿನಲ್ಲೇ ಇಟ್ಟು ಅದರ ಮೇಲೆ ಎಳೆದುಕೊಳ್ಳಿ. ಕೈ, ಮೀನು ಮಲಗಿಸುವ ಚಾಪೆ ಎರಡನ್ನೂ ಒದ್ದೆ ಮಾಡಿ, ಇಲ್ಲದಿದ್ದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಫೋಟೋ ಒಂದೇ ಸಾಕು. ಕೊರೆಯುವ ಗಾಳಿಯಲ್ಲಿ ಕಿವಿರು ಒಣಗಿದರೆ ಅದಕ್ಕೆ ಹಾನಿ. ನೀರಿನಲ್ಲಿ ಹಿಡಿದುಕೊಂಡಿರಿ, ಅದಾಗಿಯೇ ಬಾಲ ಬೀಸುವವರೆಗೆ.

ಹೊರಡುವ ಮೊದಲು ಅದೇ ಐದಾರು ಕಡೆ ಇನ್ನೊಮ್ಮೆ ಥರ್ಮಾಮೀಟರ್ ಬಿಡಿ. ಬೆಳಗಿನ ಅಂಕಿ ಪಕ್ಕದಲ್ಲೇ ಸಂಜೆಯದನ್ನೂ ಬರೆಯಿರಿ. ಯಾವ ಅಂಚು ದಿನದಲ್ಲಿ ಹೆಚ್ಚು ಕಾಯಿತೋ, ಮುಂದಿನ ವಾರ ನೇರ ಅಲ್ಲಿಗೆ ಹೋಗಿ ಅಳೆಯಲು ಶುರು ಮಾಡಿ.